ಪೆಲ್ಟಿಯರ್ ಬಿಲ್ಲೆಗೆ ಪೂರ್ತಿ ಹನ್ನೆರಡು ವೋಲ್ಟ್ ಬೇಡ

ರಾಯರೇ, ಅಣಬೆ ಬೀಜದ ಬಾಟಲಿಗಳನ್ನು 25 ಡಿಗ್ರಿಯಲ್ಲಿಡಲು ಮಾಡಿದ ಥರ್ಮೋಕೋಲ್ ಪೆಟ್ಟಿಗೆ ಮಧ್ಯಾಹ್ನ 29ಕ್ಕಿಂತ ಕೆಳಗಿಳಿಯುತ್ತಿಲ್ಲ, ಕರೆಂಟ್ ಬಿಲ್ ಮಾತ್ರ ಏರುತ್ತಿದೆ ಎಂದಿದ್ದೀರಿ. ಅದನ್ನು ತಂಪು ಮಾಡುವ ಪೆಲ್ಟಿಯರ್ ಬಿಲ್ಲೆ (ಕರೆಂಟು ಹರಿಸಿದರೆ ಒಂದು ಮುಖ ತಣ್ಣಗಾಗಿ ಇನ್ನೊಂದು ಬಿಸಿಯಾಗುವ ಚಪ್ಪಟೆ ತುಂಡು) ಕೆಟ್ಟಿಲ್ಲ, ಅದಕ್ಕೆ ಕರೆಂಟು ಅತಿಯಾಗಿದೆ.

ಬಿಲ್ಲೆ ಒಳಗಿನಿಂದ ಎಳೆಯುವ ಶಾಖ ಕರೆಂಟು ಏರಿದಷ್ಟೇ ಏರುತ್ತದೆ. ಅದರೊಳಗೇ ಹುಟ್ಟುವ ಕಾವು ಹಾಗಲ್ಲ, ಕರೆಂಟು ಎರಡರಷ್ಟಾದರೆ ಅದು ನಾಲ್ಕರಷ್ಟಾಗುತ್ತದೆ. ನಿಮ್ಮದೇ 12706 ಮಾದರಿಯ ಬಿಲ್ಲೆಗೆ ಲೆಕ್ಕ ಹಾಕಿ ನೋಡಿದೆ: 5 ವೋಲ್ಟಿನಲ್ಲಿ 10 ವ್ಯಾಟ್ ತಿಂದು ಸುಮಾರು 15 ವ್ಯಾಟ್ ಶಾಖ ಎಳೆಯುತ್ತದೆ. 12 ವೋಲ್ಟಿನಲ್ಲಿ 60ರ ಹತ್ತಿರ ತಿಂದರೂ ಎಳೆಯುವುದು 30ರ ಆಸುಪಾಸು. ಆಗ ಹೊರಗಿನ ಹೀಟ್ ಸಿಂಕ್ (ಬಿಸಿ ಬದಿಯ ಕಾವನ್ನು ಗಾಳಿಗೆ ಬಿಡುವ ಲೋಹದ ತುಂಡು) ಎರಡೂ ಸೇರಿ 90 ವ್ಯಾಟ್ ಚೆಲ್ಲಬೇಕು. ನೀವು ಕಳಿಸಿದ ಚಿತ್ರದಲ್ಲಿರುವ ಅಂಗೈಯಗಲದ ಸಿಂಕಿಗೆ ಅದು ಆಗದ ಮಾತು. ಅದು ಕಾದಷ್ಟೂ ಶಾಖ ಬಿಲ್ಲೆಯ ಮೂಲಕವೇ ಒಳಕ್ಕೆ ಮರಳುತ್ತದೆ.

ಎರಡು ಬಿಲ್ಲೆಗಳನ್ನು ಪಕ್ಕಪಕ್ಕ ಕೂರಿಸಿ (ಒಂದರ ಮೇಲೊಂದಲ್ಲ), ತಂತಿಯನ್ನು ಸರಣಿಯಲ್ಲಿ ಜೋಡಿಸಿ. ನಿಮ್ಮ 12 ವೋಲ್ಟ್ ಅಡಾಪ್ಟರೇ ಸಾಕು, ತಲಾ 6 ವೋಲ್ಟ್ ಸಿಗುತ್ತದೆ. ಸಿಂಕನ್ನು ಮಾತ್ರ ದೊಡ್ಡದು ಮಾಡಿ. ಸಿಂಕ್ ಕೂರಿಸದೆ ಒಮ್ಮೆಯೂ ಕರೆಂಟು ಕೊಡಬೇಡಿ. ನನ್ನ ಮೊದಲ ಬಿಲ್ಲೆ "ಸುಮ್ಮನೆ ನೋಡೋಣ" ಎಂದ ಕೆಲವೇ ಸೆಕೆಂಡುಗಳಲ್ಲಿ ಹೋಯಿತು.

ಅದಕ್ಕೂ ಮೊದಲು ಪೆಟ್ಟಿಗೆ ನೋಡಿ. 40 ಸೆಂಟಿಮೀಟರ್ ಘನದ ಪೆಟ್ಟಿಗೆಗೆ ಒಂದಿಂಚು ಥರ್ಮೋಕೋಲ್ ಇದ್ದು ಹೊರಗೆ 35 ಡಿಗ್ರಿ ಇದ್ದರೆ 13 ವ್ಯಾಟ್‌ನಷ್ಟು ಶಾಖ ಒಳಗೆ ಸೋರುತ್ತದೆ. ಇನ್ನೊಂದಿಂಚು ಅಂಟಿಸಿದರೆ ಅದು ಅರ್ಧವಾಗುತ್ತದೆ. ಇದಕ್ಕಿಂತ ಅಗ್ಗದ ಉಳಿತಾಯ ಬೇರೆ ಕಾಣೆ.

ಉಷ್ಣತೆ ನೋಡಿಕೊಳ್ಳುವ ಥರ್ಮೋಸ್ಟಾಟಿನ ರಿಲೇ (ತಾನೇ ಹಾಕಿ ಆರಿಸುವ ಸ್ವಿಚ್ಚು) ಆಗಾಗ ಬಿಲ್ಲೆಯನ್ನು ಪೂರ್ತಿ ನಿಲ್ಲಿಸುವುದೂ ನಷ್ಟವೇ. ನಿಂತಾಗ ಹೊರಗಿನ ಕಾವು ಬಿಲ್ಲೆಯ ದಾರಿಯಲ್ಲೇ ಒಳಗೆ ಬರುತ್ತದೆ. ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಎಂಬ ಸಣ್ಣ ಸರ್ಕ್ಯೂಟ್ ಹಾಕಿ ವೋಲ್ಟೇಜನ್ನೇ ತಗ್ಗಿಸಿ, ಸಣ್ಣಗೆ ಓಡಿಸುತ್ತಿರಿ.

ಚಳಿಗಾಲಕ್ಕೆ ಬಲ್ಬ್ ಬೇಡ, ಬಿಲ್ಲೆಯ ತಂತಿಗಳನ್ನು ಅದಲುಬದಲು ಮಾಡಿದರೆ ಒಳಗೆ ಬಿಸಿಯಾಗುತ್ತದೆ. ತಿಂದ ಕರೆಂಟಿನ ಕಾವಿನ ಜೊತೆಗೆ ಹೊರಗಿನ ಗಾಳಿಯದನ್ನೂ ಎಳೆದು ತರುವುದರಿಂದ ಬಲ್ಬಿಗಿಂತ ಅಗ್ಗ. ಬದಲಿಸುವ ಮುನ್ನ ಬಿಲ್ಲೆ ಕೋಣೆಯ ಉಷ್ಣತೆಗೆ ಮರಳಲಿ. ಫ್ಯಾನಿನ ತಂತಿ ಬೇರೆಯೇ ಇರಲಿ, ಅದೂ ತಿರುವುಮುರುವಾದರೆ ಫ್ಯಾನ್ ತಿರುಗುವುದಿಲ್ಲ. ಮಳೆಗಾಲದಲ್ಲಿ ತಂಪು ಬದಿ ಬೆವರುತ್ತದೆ, ಬಿಲ್ಲೆಯ ಅಂಚಿಗೆ ಸಿಲಿಕೋನ್ ಬಳಿಯಿರಿ.

ಅಣಬೆ ಬೆಳೆಯುವ ಕೋಣೆಗೂ ಇದನ್ನೇ ಹಾಕಬಹುದೇ ಎಂದು ಕೇಳಿದ್ದೀರಿ. ಬೇಡ. ಅಷ್ಟು ದೊಡ್ಡ ಜಾಗಕ್ಕೆ ಕಂಪ್ರೆಸರ್ ಇರುವ ಯಂತ್ರವೇ ಮಿತವ್ಯಯ. ಗಾಳಿ ಒಣಗಿರುವ ದಿನಗಳಲ್ಲಿ ಒದ್ದೆ ಗೋಣಿಚೀಲದ ಪರದೆ ಇನ್ನೂ ಅಗ್ಗ.