ಓದುಗರ ಪ್ರಶ್ನೆ: ಸಾಫ್ಟ್‌ವೇರ್ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇಆರ್‌ಪಿ, ಎಸ್‌ಎಪಿ, ಟ್ರೇನಿಂಗ್ ಅಂತಲೇ ಇವೆ. ಇಆರ್‌ಪಿ ಅಂದರೆ ಕಂಪನಿಯ ಖರೀದಿ, ಗೋದಾಮು, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್; ಎಸ್‌ಎಪಿ ಅದನ್ನು ಮಾಡುವ ಜರ್ಮನಿಯ ಕಂಪನಿ, ಅದರ ಸಾಫ್ಟ್‌ವೇರಿಗೂ ಅದೇ ಹೆಸರು. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಬಿಕಾಂ ಮುಗಿಸಿ ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಟ್ಯಾಲಿ ಚೆನ್ನಾಗಿ ಬರುತ್ತದೆ. ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟ್‌ನವರು ಎಸ್‌ಎಪಿ ಫೈಕೋ (ಲೆಕ್ಕಪತ್ರದ ಭಾಗ) ಕೋರ್ಸಿಗೆ 90 ಸಾವಿರ ಕೇಳುತ್ತಿದ್ದಾರೆ. ಕೆಲಸ ಗ್ಯಾರಂಟಿ ಅಂತಾರೆ, ಮೂರು ವರ್ಷದ ಅನುಭವದ ಪತ್ರವನ್ನೂ ಕೊಡುತ್ತಾರಂತೆ. ಅಡಿಕೆ ಮಾರಿ ದುಡ್ಡು ಕೊಡ್ತೀನಿ ಅಂತ ಅಪ್ಪ ಹೇಳಿದ್ದಾರೆ. ಸೇರಲಾ? – ಸಾಗರದ ಓದುಗ

ಬೇಡ. ಮಾಡದ ಕೆಲಸಕ್ಕೆ ಅನುಭವದ ಪತ್ರ ಕೊಡ್ತೀವಿ ಅಂದವರ ಹತ್ತಿರ ಇನ್ನೇನು ಕಲಿಯೋದು? ದೊಡ್ಡ ಕಂಪನಿಗಳು ಕೆಲಸಕ್ಕೆ ತೆಗೆದುಕೊಳ್ಳುವಾಗ ನಿಮ್ಮ ಪಿಎಫ್‌ನ ಯುಎಎನ್ ನಂಬರ್ ಹಿಡಿದು ಹಿಂದೆ ಎಲ್ಲೆಲ್ಲಿ ಇದ್ದಿರಿ ಅಂತ ನೋಡುತ್ತವೆ. ಅಲ್ಲೇ ಸಿಕ್ಕಿಬೀಳುತ್ತೀರಿ. ಅಪ್ಪನ ಅಡಿಕೆ ದುಡ್ಡೂ ಹೋಯಿತು, ಹೆಸರೂ ಹೋಯಿತು.

ನಿಮ್ಮ ಹತ್ತಿರ ಈಗಲೇ ಇರುವುದನ್ನು ನೀವು ಲೆಕ್ಕಕ್ಕೇ ತಗೊಂಡಿಲ್ಲ ಅನ್ನಿಸುತ್ತದೆ. ಮಂಡಿಯಲ್ಲಿ ಏನು ನಡೆಯುತ್ತೆ ನೋಡಿ. ಬೆಳೆಗಾರರು ಚೀಲ ತಂದು ಇಳಿಸಿ ಹೋಗುತ್ತಾರೆ, ರೇಟು ಏರಲಿ ಅಂತ ತಿಂಗಳುಗಟ್ಟಲೆ ಮಾರುವುದಿಲ್ಲ, ನಡುವೆ ಮಗಳ ಮದುವೆಗೋ ತೋಟದ ಕೊನೆ ಕೂಲಿಗೋ ಅಡ್ವಾನ್ಸ್ ಕೇಳುತ್ತಾರೆ, ಆಮೇಲೆ ಒಂದು ದಿನ ಟೆಂಡರಿಗೆ ಇಡಿ ಅಂತಾರೆ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯಲ್ಲೇ ತರಾವರಿ, ಒಂದೊಂದಕ್ಕೂ ಬೇರೆ ರೇಟು. ಇಟ್ಟಲ್ಲೇ ಒಣಗಿ ತೂಕ ಕಮ್ಮಿಯಾಗುವುದೂ ಇದೆ. ಮಾಲು ನಿಮ್ಮ ಗೋದಾಮಿನಲ್ಲಿದೆ, ಆದರೆ ನಿಮ್ಮದಲ್ಲ. ಇದಕ್ಕೆ ತುಂಬಾ ಹತ್ತಿರದ ವ್ಯವಹಾರ ಎಸ್‌ಎಪಿಯಲ್ಲಿ ಕನ್ಸೈನ್‌ಮೆಂಟ್ ಸ್ಟಾಕ್. ಅಲ್ಲೂ ಮಾಲು ಒಳಗೆ ಬಂದಾಗ ಸಾಲ ಹುಟ್ಟುವುದಿಲ್ಲ, ನಾವು ಅದನ್ನು ತೆಗೆದು ಬಳಸಿದಾಗ ಹುಟ್ಟುತ್ತದೆ. ಇದನ್ನು ಕ್ಲಾಸಿನಲ್ಲಿ ವಿವರಿಸಿ ವಿವರಿಸಿ ಮೇಷ್ಟ್ರು ಸುಸ್ತಾಗುತ್ತಾರೆ. ನಿಮಗೆ ಅದು ದಿನದ ಕೆಲಸ.

ಇನ್ನೊಂದು. ನಿಮಗೆ ಅಡಿಕೆ ಕೊಡುವವರೇ ನಿಮ್ಮಿಂದ ಸಾಲ ತೆಗೆದುಕೊಂಡವರೂ ಆಗಿರುತ್ತಾರೆ ಅಲ್ವಾ? ಎಸ್‌ಎಪಿಯ ಹಳೇ ಆವೃತ್ತಿ ಇಸಿಸಿಯಲ್ಲಿ ಕೊಡುವವರಿಗೆ ಒಂದು ಮಾಸ್ಟರ್ (ಮೂಲ ದಾಖಲೆ), ಕೊಳ್ಳುವವರಿಗೆ ಇನ್ನೊಂದು. 2015ರಲ್ಲಿ ಬಂದ ಹೊಸ ಆವೃತ್ತಿ ಎಸ್/4ಹಾನಾದಲ್ಲಿ ಇಬ್ಬರೂ ಬಿಸಿನೆಸ್ ಪಾರ್ಟ್ನರ್ ಅನ್ನುವ ಒಂದೇ ದಾಖಲೆಯ ಕೆಳಗೆ ಬರುತ್ತಾರೆ. ಮಂಡಿಯ ಖಾತೆ ಪುಸ್ತಕದಲ್ಲಿ ಇದು ಯಾವತ್ತೋ ಇತ್ತು.

ಹಾಗಾಗಿ ಮೊದಲು ದುಡ್ಡು ಖರ್ಚಿಲ್ಲದೆ ಕಲಿಯಿರಿ. ಎಸ್‌ಎಪಿಯವರ ಸ್ವಂತ ಲರ್ನಿಂಗ್ ತಾಣದಲ್ಲಿ ಉಚಿತ ಪಾಠಗಳಿವೆ. ಮುಂಬೈಯ ಫ್ರಾಪೆ ಕಂಪನಿಯ ಇಆರ್‌ಪಿನೆಕ್ಸ್ಟ್ ಮುಕ್ತ ಸಾಫ್ಟ್‌ವೇರ್, ಲ್ಯಾಪ್‌ಟಾಪಿಗೆ ಹಾಕಿಕೊಂಡು ನಿಮ್ಮ ಮಂಡಿಯ ಒಂದು ವಾರದ ವ್ಯವಹಾರವನ್ನು, ಹೆಸರುಗಳನ್ನು ಬದಲಿಸಿ, ಅದರಲ್ಲಿ ಕೂರಿಸಿ ನೋಡಿ. ಎಲ್ಲಿ ಕೂರುವುದಿಲ್ಲವೋ ಅದನ್ನು ಬರೆದಿಡಿ. ಆ ಬರಹವನ್ನು ಇಂಟರ್‌ವ್ಯೂಗೆ ತಗೊಂಡು ಹೋಗಿ. ಇನ್ನು ಕೆಲಸ ಅಂದರೆ ನೇರ ಕನ್ಸಲ್ಟೆಂಟ್ ಹುದ್ದೆ (ಕಂಪನಿಗಳಿಗೆ ಸಾಫ್ಟ್‌ವೇರ್ ಹೊಂದಿಸಿಕೊಡುವ ಕೆಲಸ) ಹೊಸಬರಿಗೆ ಸಿಗುವುದು ಕಷ್ಟ. ಎಸ್‌ಎಪಿ ಬಳಸುವ ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಮೊದಲು ಸೇರಿ, ಬಳಸಿ ಬಳಸಿ ಕೈ ಕೂರಲಿ, ಅಲ್ಲಿಂದ ಆಚೆ ದಾಟುವ ದಾರಿ ನಿಧಾನದ್ದು, ಆದರೆ ಸುಳ್ಳು ಹೇಳಬೇಕಾಗಿಲ್ಲ.

ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಕಂಪನಿಗೆ ಹೊಸ ಇಆರ್‌ಪಿ ಬರುತ್ತಿದೆ, ನನ್ನನ್ನು ‘ಕೀ ಯೂಸರ್’ ಮಾಡಿದ್ದಾರೆ, ಅಂದರೆ ನಮ್ಮ ವಿಭಾಗದ ಪರವಾಗಿ ಅದನ್ನು ನೋಡಿಕೊಳ್ಳುವ ಜವಾಬ್ದಾರಿ. ಸಂಬಳ ಜಾಸ್ತಿ ಇಲ್ಲ, ಕೆಲಸ ಮಾತ್ರ ಡಬಲ್. ಒಪ್ಪಬೇಕಾ? – ಭದ್ರಾವತಿ

ಒಪ್ಪಿ. ಸಂಬಳ ಕೇಳುವುದನ್ನು ಬಿಡಬೇಡಿ, ಆದರೆ ಒಪ್ಪಿ. ಊರು ಬಿಡದೆ, ಫೀಸು ಕಟ್ಟದೆ ಇಂಪ್ಲಿಮೆಂಟೇಷನ್ (ಸಾಫ್ಟ್‌ವೇರನ್ನು ಕಂಪನಿಯಲ್ಲಿ ಜಾರಿಗೆ ತರುವುದು) ಕಲಿಯುವ ಅವಕಾಶ ಸುಮ್ನೆ ಸಿಗುವುದಿಲ್ಲ.

ಹೊರಗಿಂದ ಬರುವ ಕನ್ಸಲ್ಟೆಂಟ್‌ಗೆ ಸಾಫ್ಟ್‌ವೇರ್ ಗೊತ್ತು, ನಿಮ್ಮ ಕುಲುಮೆ ಗೊತ್ತಿಲ್ಲ. ಎರಕ ಹೊಯ್ದ ಮೇಲೆ ಪೀಸಿಗೆ ಅಂಟಿಕೊಂಡ ಹೆಚ್ಚುವರಿ ಲೋಹ, ಅಂದರೆ ರನ್ನರ್, ರೈಸರ್ ಮುರಿದು ಮತ್ತೆ ಕರಗಿಸಲು ಹಾಕುತ್ತೀರಲ್ಲ, ಅದನ್ನು ಬಿಲ್ ಆಫ್ ಮೆಟೀರಿಯಲ್‌ನಲ್ಲಿ (ಒಂದು ಪೀಸಿಗೆ ಏನೇನು ಎಷ್ಟು ಬೇಕು ಅನ್ನುವ ಪಟ್ಟಿ) ಉಪ ಉತ್ಪನ್ನವಾಗಿ ತೋರಿಸಬೇಕು. ಎಸ್‌ಎಪಿಯಲ್ಲಾದರೆ ಅದಕ್ಕೆ ಮೈನಸ್ ಪ್ರಮಾಣ ಹಾಕುತ್ತಾರೆ. ಇದನ್ನು ಮರೆತರೆ ಕಬ್ಬಿಣದ ಲೆಕ್ಕ ತಿಂಗಳ ಕೊನೆಗೆ ಎಲ್ಲೆಲ್ಲಿಗೋ ಹೋಗುತ್ತದೆ. ಎಣಿಸುವುದು ಪೀಸಿನಲ್ಲಿ, ರೇಟು ಕಿಲೋದಲ್ಲಿ. ಗಿರಾಕಿಯ ಕಡೆ ಮಶೀನಿಂಗ್ ಆದ ಮೇಲೆ ಒಳಗೆ ಗುಳ್ಳೆ ಕಂಡು ವಾಪಸ್ ಬಂದ ಪೀಸು ಯಾವ ಹೀಟಿನದ್ದು (ಕುಲುಮೆಯಲ್ಲಿ ಯಾವ ಸಲ ಕರಗಿಸಿದ್ದು) ಅಂತ ಹುಡುಕಬೇಕಾದರೆ ಹೀಟ್ ನಂಬರನ್ನು ಬ್ಯಾಚ್ ಆಗಿ ಇಟ್ಟಿರಬೇಕು. ಇದನ್ನೆಲ್ಲ ಮೊದಲ ಮೀಟಿಂಗಿನಲ್ಲೇ ಹೇಳಿ. ಗೋ-ಲೈವ್ (ಹೊಸ ಸಾಫ್ಟ್‌ವೇರ್ ಚಾಲೂ ಆಗುವ ದಿನ) ಹತ್ತಿರ ಬಂದಾಗ ಹೇಳಿದರೆ ಅದಕ್ಕೆ ಬೇರೆ ಬಿಲ್ ಬರುತ್ತದೆ, ಬೈಗುಳ ನಿಮಗೆ.

ಐಟಂ ಮಾಸ್ಟರ್ ಶುಚಿ ಮಾಡುವ ಕೆಲಸ ನಿಮ್ಮ ತಲೆಗೇ ಬರುತ್ತದೆ. ಒಂದೇ ಬೋಲ್ಟಿಗೆ ಮೂರು ಕೋಡ್, ಒಂದರಲ್ಲಿ ಸ್ಪೆಲಿಂಗ್ ತಪ್ಪು, ಇದು ಎಲ್ಲ ಸ್ಟೋರ್ಸಿನ ಕಥೆ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಪ್ರಾಜೆಕ್ಟ್ ಮುಗ್ಗರಿಸುವುದು ಬಹಳ ಸಲ ಇಲ್ಲೇ. ಮತ್ತೆ, ಟೆಸ್ಟಿಂಗ್ ಮಾಡದೆ ‘ಎಲ್ಲ ಸರಿ ಇದೆ’ ಅನ್ನುವ ಸೈನ್-ಆಫ್ ಹಾಳೆಗೆ ಸಹಿ ಹಾಕಬೇಡಿ, ಎದುರಿಗೆ ಎಂಡಿ ಕೂತಿದ್ದರೂ.

ನಾನು ತೀರ್ಥಹಳ್ಳಿಯವಳು, 38 ವರ್ಷ. ಹದಿನೈದು ವರ್ಷದಿಂದ ಎಬಾಪ್ (ಎಸ್‌ಎಪಿಯ ಸ್ವಂತ ಕೋಡ್ ಭಾಷೆ) ಪ್ರೋಗ್ರಾಮರ್. ಈಗ ಎಐ ಕೋಡ್ ಬರೆಯುತ್ತದೆ, 2027ಕ್ಕೆ ಹಳೇ ಎಸ್‌ಎಪಿ ಮುಗಿಯುತ್ತದೆ ಅಂತಾರೆ. ನನ್ನ ಗತಿ ಏನು?

ಎರಡು ಭಯ ಬೇರೆ ಬೇರೆ. ಇಸಿಸಿಗೆ ಮಾಮೂಲಿ ಬೆಂಬಲ 2027ರ ಕೊನೆಗೆ ನಿಲ್ಲುತ್ತದೆ, ಜಾಸ್ತಿ ದುಡ್ಡು ಕೊಟ್ಟವರಿಗೆ 2030ರವರೆಗೆ ಇದೆ. ಅಂದರೆ ಹಳೇದರಿಂದ ಹೊಸದಕ್ಕೆ ಸಾಗಿಸುವ ಕೆಲಸ ಈಗ ತುಂಬಾ ಇದೆ, ನಿಮ್ಮಂಥವರಿಗೇ. ಎಐ ವಿಷಯ ಸುಳ್ಳಲ್ಲ. 2023ರಲ್ಲಿ ಎಸ್‌ಎಪಿ ಘೋಷಿಸಿದ ಎಐ ಸಹಾಯಕ ಜೂಲ್ ಈಗ ಎಬಾಪ್ ಕೋಡನ್ನೂ ಬರೆದುಕೊಡುತ್ತದೆ. ಬರೀ ರಿಪೋರ್ಟ್ ಬರೆದುಕೊಂಡು ಇರುತ್ತೇನೆ ಅಂದರೆ ನಡೆಯುವುದಿಲ್ಲ.

ಆದರೆ ಹಳೇ ಕಂಪನಿಗಳಲ್ಲಿ ರಾಶಿ ರಾಶಿ ಝಡ್ ಪ್ರೋಗ್ರಾಂಗಳಿವೆ (ಕಂಪನಿ ತನಗಾಗಿಯೇ ಬರೆಸಿಕೊಂಡವು), ಬರೆದವರು ಬಿಟ್ಟು ಹೋಗಿದ್ದಾರೆ. ಯಾವುದು ಬೇಕು, ಯಾವುದು ಬೇಡ ಅಂತ ಹೇಳಬೇಕಾದರೆ ಕೋಡ್ ಓದಿದರೆ ಸಾಲದು, ಅದು ಯಾಕೆ ಬಂತು ಅಂತ ಅಕೌಂಟ್ಸಿನ ಹಳೇ ತಲೆಗಳ ಹತ್ತಿರ ಕೂತು ಕೇಳಬೇಕು. ಕೇಳುವುದಕ್ಕೆ ನಾಚಿಕೆ ಪಡುವ ಪ್ರೋಗ್ರಾಮರುಗಳೇ ಜಾಸ್ತಿ ನಮ್ಮಲ್ಲಿ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರಗಳು ಬದಲಾದಾಗ ಟ್ಯಾಕ್ಸ್ ಕೋಡ್ ತಿದ್ದುವುದು ಸುಲಭವಿತ್ತು, ಹಳೇ ದರದಲ್ಲಿ ಆರ್ಡರ್ ಹಾಕಿ ಇನ್ನೂ ಬಿಲ್ ಆಗದ ಮಾಲಿಗೆ ಏನು ಮಾಡೋದು ಅನ್ನುವುದು ಕಷ್ಟವಿತ್ತು. ಅಂಥ ಪ್ರಶ್ನೆ ಹಿಡಿದುಕೊಳ್ಳಿ. ಜೊತೆಗೆ ಸಿಡಿಎಸ್ ವ್ಯೂ (ಡೇಟಾವನ್ನು ಹೊಂದಿಸಿ ತೋರಿಸುವ ರೀತಿ), ರ್ಯಾಪ್ (ಅದರ ಮೇಲೆ ಅಪ್ಲಿಕೇಶನ್ ಕಟ್ಟುವ ಚೌಕಟ್ಟು) ಎರಡನ್ನೂ ಕಲಿಯಿರಿ. ಹೊಸ ಎಬಾಪ್ ಅಂದರೆ ಈಗ ಅದೇ.

ಹೊಸನಗರದ ಮನೆಯಲ್ಲೇ ಕೂತು ಕನ್ಸಲ್ಟೆಂಟ್ ಆಗಬಹುದಾ? – ಹೆಸರು ಬೇಡ

ಸಪೋರ್ಟ್ ಕೆಲಸವಾದರೆ ಆಗಬಹುದು. ಇಂಪ್ಲಿಮೆಂಟೇಷನ್ ಆದರೆ ಗಿರಾಕಿಯ ಫ್ಯಾಕ್ಟರಿಗೆ ಹೋಗಲೇಬೇಕು, ಪರದೆ ಹಂಚಿಕೊಂಡು ಗೋದಾಮು ನೋಡಲಾಗುವುದಿಲ್ಲ. 2023ರ ಫೆಬ್ರವರಿಯಿಂದ ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಇದೆ, ಓಡಾಟ ಮೊದಲಿನಷ್ಟು ತ್ರಾಸಿಲ್ಲ. ಮನೆಗೆ ಎರಡು ಬೇರೆ ಕಂಪನಿಯ ನೆಟ್ ಮತ್ತು ದೊಡ್ಡ ಯುಪಿಎಸ್ ಮೊದಲೇ ಹಾಕಿಸಿ. ಆಷಾಢದ ಗಾಳಿಮಳೆಗೆ ಮರ ಬಿದ್ದು ಲೈನ್ ಹೋಯಿತು ಅಂದರೆ ಜರ್ಮನಿಯ ಗಿರಾಕಿಗೆ ಅರ್ಥವಾಗುವುದಿಲ್ಲ.