ತಪ್ಪಿಸಿಕೊಂಡ ಮೇಕೆ ಬಲಿಪಶು ಆಗುವುದು ಹೇಗೆ?

ಪ್ರಶ್ನೆ: ಆಫೀಸಿನಲ್ಲಿ ಯಾರೋ ಮಾಡಿದ ಲೆಕ್ಕದ ತಪ್ಪನ್ನು ನನ್ನ ತಲೆಗೆ ಕಟ್ಟಿದರು. 'ನಿನ್ನನ್ನ ಸ್ಕೇಪ್‌ಗೋಟ್ ಮಾಡಿದ್ರು' ಅಂದರು ಜೊತೆಯವರು. ಈ ಪದ ಬೈಬಲ್‌ನದು, 'ಎಸ್ಕೇಪ್ ಆದ ಮೇಕೆ' ಅಂತ ಅರ್ಥ ಎಂದು ಎಲ್ಲೋ ಓದಿದೆ. ಎಸ್ಕೇಪ್ ಆಗಿದ್ದು ಬೇರೆಯವರು, ಸಿಕ್ಕಿಬಿದ್ದಿದ್ದು ನಾನು. ಇದ್ಯಾವ ಅರ್ಥ?
– ಓದುಗರು, ಹಾಸನ

ಉತ್ತರ: ಆಫೀಸಿನ ನ್ಯಾಯ ನನ್ನ ಕೈಲಿಲ್ಲ, ಪದದ ಕಥೆ ಹೇಳುತ್ತೇನೆ. ಬೈಬಲ್‌ನ ಯಾಜಕಕಾಂಡದ 16ನೇ ಅಧ್ಯಾಯ ತೆಗೆಯಿರಿ. ವರ್ಷಕ್ಕೊಮ್ಮೆ ಪಾಪ ಕಳೆದುಕೊಳ್ಳುವ ದಿನ ಇಸ್ರಾಯೇಲರು ಎರಡು ಹೋತಗಳನ್ನು ತಂದು ಚೀಟಿ ಹಾಕುತ್ತಾರೆ. ಒಂದು ದೇವರ ಪಾಲು, ಅದನ್ನು ಕಡಿಯುತ್ತಾರೆ. ಇನ್ನೊಂದರ ತಲೆ ಮೇಲೆ ಯಾಜಕ ಎರಡೂ ಕೈಯಿಟ್ಟು, ಜನ ಮಾಡಿದ ಪಾಪವನ್ನೆಲ್ಲ ಬಾಯಿಬಿಟ್ಟು ಹೇಳಿ, ಅದರ ಮೇಲೆ ಹೊರಿಸಿ, ಒಬ್ಬನ ಜೊತೆ ಮಾಡಿ ಬೆಂಗಾಡಿಗೆ ಅಟ್ಟಿಬಿಡುತ್ತಾನೆ. ನಮ್ಮಲ್ಲಿ ಮಾರಿಯನ್ನು ಊರ ಗಡಿ ದಾಟಿಸುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆ.

ಹೀಬ್ರೂ ಮೂಲದಲ್ಲಿ ಈ ಎರಡನೇ ಹೋತ 'ಅಜಾಜೇಲ್'ಗೆ ಅಂತಿದೆ. ಅದು ಬೆಂಗಾಡಿನ ಯಾವುದೋ ಭೂತದ ಹೆಸರು ಎನ್ನುವ ವಿದ್ವಾಂಸರು ತುಂಬಾ ಜನ ಇದ್ದಾರೆ. ಆದರೆ 1530ರಲ್ಲಿ ಈ ಭಾಗವನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್ ಆ ಪದವನ್ನು ಎರಡಾಗಿ ಒಡೆದು 'ಹೋಗಿಬಿಡುವ ಮೇಕೆ' ಅಂತ ಓದಿಕೊಂಡು, 'ಸ್ಕೇಪ್‌ಗೋಟ್' ಎಂಬ ಹೊಸ ಪದವನ್ನೇ ಹುಟ್ಟಿಸಿದ. 'ಸ್ಕೇಪ್' ಅಂದರೆ ಎಸ್ಕೇಪ್‌ನ ಗಿಡ್ಡ ರೂಪ ಅಷ್ಟೇ. 1611ರ ಕಿಂಗ್ ಜೇಮ್ಸ್ ಬೈಬಲ್ ಕೂಡ ಅದನ್ನೇ ಇಟ್ಟುಕೊಂಡಿತು. ಟಿಂಡೇಲ್ ಮಾತ್ರ ತಪ್ಪಿಸಿಕೊಳ್ಳಲಿಲ್ಲ, ಪಾಪ. 1536ರಲ್ಲಿ ಬ್ರಸೆಲ್ಸ್ ಹತ್ತಿರ ಅವನ ಕತ್ತು ಬಿಗಿದು ಕೊಂದು, ಹೆಣ ಸುಟ್ಟರು.

ಅಂದರೆ ಮೇಕೆ ಎಸ್ಕೇಪ್ ಆಗಿದ್ದು ಕತ್ತಿಯಿಂದ, ಹೊರೆಯಿಂದಲ್ಲ. ಪಾಪ ಹೊತ್ತಿದ್ದು ಅದೇ. ಕನ್ನಡದಲ್ಲಿ ನಾವು ಸುಮ್ನೆ 'ಬಲಿಪಶು' ಅಂತ ಬರೆದುಬಿಡುತ್ತೇವೆ, ಆದರೆ ಬಲಿಯಾಗಿದ್ದು ಮೊದಲನೇ ಹೋತ! ನನ್ನನ್ನು ಕೇಳಿದರೆ 'ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ' ಎಂಬ ಗಾದೆಯೇ ಈ ಪದಕ್ಕೆ ಜಾಸ್ತಿ ಹೊಂದುತ್ತದೆ.

ಪ್ರಶ್ನೆ: ನಮ್ಮ ಚರ್ಚಿನ ಸಭೆಯಲ್ಲಿ ಹಾಡುವವರಿಗೆ 'ಒಳ್ಳೆಯ ತಲಾಂತು ಇದೆ' ಎನ್ನುತ್ತಾರೆ. ಇದು ಟ್ಯಾಲೆಂಟ್ ಪದದ ಹಳ್ಳಿ ಉಚ್ಚಾರಣೆಯಾ?
– ಓದುಗರು, ಗದಗ

ಉತ್ತರ: ಅಲ್ಲ, ತಲಾಂತೇ ಮೂಲಕ್ಕೆ ಹತ್ತಿರ. ಗ್ರೀಕ್‌ನಲ್ಲಿ 'ತಲಾಂತೊನ್' ಅಂದರೆ ತಕ್ಕಡಿ, ತೂಕ, ಆಮೇಲೆ ಅಷ್ಟು ತೂಕದ ಬೆಳ್ಳಿ. ನಮ್ಮ ತುಲಾಭಾರದ 'ತುಲಾ' ಕೂಡ ಅದೇ ಬೇರಿನದು. ಬೈಬಲ್‌ನ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯಜಮಾನನೊಬ್ಬ ಊರಿಗೆ ಹೋಗುವಾಗ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಕೊಟ್ಟು ಹೋಗುತ್ತಾನೆ. ಇಬ್ಬರು ವ್ಯಾಪಾರ ಮಾಡಿ ಎರಡರಷ್ಟು ಮಾಡುತ್ತಾರೆ, ಮೂರನೆಯವನು ಹೆದರಿ ಹೂತಿಡುತ್ತಾನೆ. ಒಂದೇ ತಾನೇ ಅನ್ನಬೇಡಿ. ಒಂದು ತಲಾಂತಿಗೆ 6000 ದಿನಾರಿ (ರೋಮನ್ನರ ಬೆಳ್ಳಿ ನಾಣ್ಯ), ಆಗಿನ ದಿನಗೂಲಿ ಒಂದು ದಿನಾರಿ. ವರ್ಷಕ್ಕೆ 300 ದಿನ ದುಡಿದರೂ 20 ವರ್ಷದ ಕೂಲಿ ಅದು! ದೇವರು ಕೊಟ್ಟ ಸಾಮರ್ಥ್ಯವನ್ನು ಹೂತಿಡಬೇಡ ಅಂತ ಪಾದ್ರಿಗಳು ಈ ಸಾಮ್ಯವನ್ನು, ಅಂದರೆ ನೀತಿಕಥೆಯನ್ನು, ಬಿಡಿಸಿ ಹೇಳುತ್ತಾ ಬಂದರು, ಹಾಗೆ ಬೆಳ್ಳಿಯ ತೂಕ ಪ್ರತಿಭೆಯಾಯಿತು. ಇವತ್ತು ಟಿವಿ ಷೋಗಳಲ್ಲಿ 'ಟ್ಯಾಲೆಂಟ್' ಅಂತ ಕೂಗುವವರಿಗೆ ಈ ಕಥೆ ಗೊತ್ತಿರಲಿಕ್ಕಿಲ್ಲ.

ಪ್ರಶ್ನೆ: ಆಸ್ತಿ ಉಯಿಲಿಗೂ ಟೆಸ್ಟಮೆಂಟ್ ಅಂತಾರೆ, ಬೈಬಲ್‌ಗೂ ಅಂತಾರೆ. ಸಂಬಂಧ ಇದೆಯಾ?
– ಓದುಗರು, ಮಂಗಳೂರು

ಉತ್ತರ: ಇದೆ, ಅನುವಾದದ ಎಡವಟ್ಟಿನಿಂದ. ಹೀಬ್ರೂವಿನ 'ಬೆರೀತ್' ಅಂದರೆ ದೇವರು ಜನರ ಜೊತೆ ಮಾಡಿಕೊಂಡ ಒಪ್ಪಂದ. ಗ್ರೀಕ್‌ಗೆ ತರುವಾಗ ಬಳಸಿದ 'ದಿಯಾಥೇಕೆ' ಪದಕ್ಕೆ ಉಯಿಲು ಅಂತಲೂ ಅರ್ಥ ಇತ್ತು. ಲ್ಯಾಟಿನ್‌ನವರು ಆ ಅರ್ಥವನ್ನೇ ಹಿಡಿದು 'ಟೆಸ್ಟಮೆಂಟುಮ್' ಅಂದರು, ಇಂಗ್ಲಿಷ್ ಅದನ್ನು ಹಾಗೇ ತೆಗೆದುಕೊಂಡಿತು. ಕನ್ನಡ ಬೈಬಲ್‌ನಲ್ಲಿ 'ಒಡಂಬಡಿಕೆ' ಅಂತಿದೆ ನೋಡಿ, ಹೀಬ್ರೂವಿಗೆ ಅದೇ ಸರಿಯಾದ ಪದ.