ಓದುಗರ ಪ್ರಶ್ನೆಗಳು: ಶಾಸಕರು ರಾಜೀನಾಮೆ ಕೊಟ್ಟ ಮೇಲೆ

ಪ್ರಶ್ನೆ: ನಾವು ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಕುಟುಂಬದವರು. 2023ರ ಮೇ ತಿಂಗಳಲ್ಲಿ ಆರಿಸಿದ ಶಾಸಕರು ಮರುವರ್ಷವೇ ಸಂಸದರಾಗಿ ರಾಜೀನಾಮೆ ಕೊಟ್ಟರು. ಹದಿನೆಂಟು ತಿಂಗಳಲ್ಲಿ ಮೂರು ಸಲ ಬೆರಳಿಗೆ ಶಾಯಿ ಹಾಕಿಸಿಕೊಂಡೆವು. ಅವರು ರಾಜೀನಾಮೆ ಕೊಡಲೇಬೇಕಿತ್ತೇ?

ಉತ್ತರ: ಕೊಡಲೇಬೇಕಿತ್ತು. ಒಬ್ಬರೇ ಏಕಕಾಲಕ್ಕೆ ಸಂಸದರೂ ಶಾಸಕರೂ ಆಗಿರುವಂತಿಲ್ಲ ಎಂದು ಸಂವಿಧಾನದ 101ನೇ ವಿಧಿ ಹೇಳುತ್ತದೆ. ಆಯ್ಕೆಯ ಘೋಷಣೆ ರಾಜಪತ್ರದಲ್ಲಿ ಪ್ರಕಟವಾದ 14 ದಿನಗಳೊಳಗೆ ಶಾಸಕ ಸ್ಥಾನವನ್ನು ಬಿಡದಿದ್ದರೆ, ಹೊಸದಾಗಿ ಗೆದ್ದ ಸಂಸದ ಸ್ಥಾನವೇ ಕೈತಪ್ಪುತ್ತದೆ. ಹೀಗಾಗಿ ಎಚ್.ಡಿ. ಕುಮಾರಸ್ವಾಮಿ ಚನ್ನಪಟ್ಟಣವನ್ನೂ, ಬಸವರಾಜ ಬೊಮ್ಮಾಯಿ ಶಿಗ್ಗಾವಿಯನ್ನೂ, ಇ. ತುಕಾರಾಂ ಸಂಡೂರನ್ನೂ 2024ರ ಜೂನ್‌ನಲ್ಲಿ ತೆರವು ಮಾಡಿದರು.

ಕಾನೂನಿನ ಪ್ರಕಾರ ಇದರಲ್ಲಿ ಲೋಪವಿಲ್ಲ. ಆದರೂ ನಿಮ್ಮ ನೋವಿಗೆ ಕಾರಣವಿದೆ, ಮತ್ತು ಅದು ಹೆಚ್ಚು ಚರ್ಚೆಯಾಗದ ಸಂಗತಿ. ಕುಮಾರಸ್ವಾಮಿಯವರನ್ನು ಲೋಕಸಭೆಗೆ ಕಳಿಸಿದ್ದು ಮಂಡ್ಯ. ಚನ್ನಪಟ್ಟಣ ಇರುವುದು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿ. ಬೊಮ್ಮಾಯಿಯವರು ಗೆದ್ದದ್ದು ಹಾವೇರಿಯಿಂದ. ಶಿಗ್ಗಾವಿ ಇರುವುದು ಧಾರವಾಡ ಲೋಕಸಭಾ ಕ್ಷೇತ್ರದಲ್ಲಿ. ತುಕಾರಾಂ ಗೆದ್ದ ಬಳ್ಳಾರಿ ಲೋಕಸಭಾ ಕ್ಷೇತ್ರಕ್ಕೇ ಸೇರಿದ ಸಂಡೂರಿನ ಮತದಾರರಿಗಾದರೂ ತಮ್ಮ ಶಾಸಕರನ್ನು ದೆಹಲಿಗೆ ಕಳಿಸಬೇಕೋ ಬೇಡವೋ ಎಂದು ಹೇಳುವ ಅವಕಾಶವಿತ್ತು, ನಿಮಗೂ ಶಿಗ್ಗಾವಿಯವರಿಗೂ ಅದೂ ಇರಲಿಲ್ಲ. ನಿಮ್ಮ ಶಾಸಕರು ನಿಮ್ಮನ್ನು ಬಿಟ್ಟು ಹೋಗುವ ತೀರ್ಮಾನ ನಿಮ್ಮ ಮತಗಟ್ಟೆಯ ಹೊರಗೇ ಆಗಿಹೋಯಿತು. ಹಾಲಿ ಶಾಸಕರೊಬ್ಬರು ಲೋಕಸಭೆಗೆ ನಾಮಪತ್ರ ಸಲ್ಲಿಸುವ ಮೊದಲು ತಮ್ಮ ಕ್ಷೇತ್ರದ ಜನರ ಮುಂದೆ ನಿಂತು ಕಾರಣ ಹೇಳಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಇಷ್ಟೆಲ್ಲ ಖರ್ಚು ಮಾಡಿ ಮತ್ತೆ ಚುನಾವಣೆ ನಡೆಸುವ ಬದಲು, ಎರಡನೇ ಸ್ಥಾನದಲ್ಲಿದ್ದವರನ್ನೇ ಶಾಸಕರೆಂದು ಘೋಷಿಸಬಾರದೇಕೆ?

ಉತ್ತರ: ಈ ಪ್ರಶ್ನೆ ಪ್ರತಿ ಉಪಚುನಾವಣೆಯಲ್ಲೂ ಬರುತ್ತದೆ. ವಿಧಾನಸಭಾ ಚುನಾವಣೆಯ ಖರ್ಚು ರಾಜ್ಯದ ಬೊಕ್ಕಸದಿಂದ ಹೋಗುವುದರಿಂದ ಕೇಳುವುದು ಸಹಜವೂ ಹೌದು. ಆದರೆ ಸೋತವರಿಗೆ ಬಿದ್ದ ಮತ ಅವರು ಶಾಸಕರಾಗಲಿ ಎಂದು ಬಹುಮತದವರು ಕೊಟ್ಟ ಒಪ್ಪಿಗೆಯಲ್ಲ. 2023ರಲ್ಲಿ ಚನ್ನಪಟ್ಟಣದ ಎರಡನೆಯವರಾದ ಸಿ.ಪಿ. ಯೋಗೇಶ್ವರ್ ಬಿಜೆಪಿ ಅಭ್ಯರ್ಥಿಯಾಗಿ 15,915 ಮತಗಳಿಂದ ಸೋತಿದ್ದರು. 2024ರ ನವೆಂಬರ್ 13ರ ಮತದಾನದಲ್ಲಿ ಅವರೇ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತು, ನಿಖಿಲ್ ಕುಮಾರಸ್ವಾಮಿಯವರನ್ನು 25,413 ಮತಗಳಿಂದ ಸೋಲಿಸಿದರು. ಶಿಗ್ಗಾವಿಯಲ್ಲಿ 2023ರಲ್ಲಿ ಬೊಮ್ಮಾಯಿಯವರ ವಿರುದ್ಧ 35,978 ಮತಗಳಿಂದ ಸೋತಿದ್ದ ಯಾಸಿರ್ ಅಹ್ಮದ್ ಖಾನ್ ಪಠಾಣ್, ಈ ಸಲ ಅವರ ಮಗ ಭರತ್ ಬೊಮ್ಮಾಯಿಯವರನ್ನು 13,448 ಮತಗಳಿಂದ ಸೋಲಿಸಿದರು.

ಹಾಗಾದರೆ ಎರಡನೆಯವರೇ ಗೆದ್ದರಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಮೊದಲೇ ಅವರನ್ನು ಕೂರಿಸಿದ್ದರೆ ಚನ್ನಪಟ್ಟಣಕ್ಕೆ ಸಿಗುತ್ತಿದ್ದುದು ಜನ ತಿರಸ್ಕರಿಸಿದ್ದ ಬಿಜೆಪಿ ಅಭ್ಯರ್ಥಿ. ಈಗ ಸಿಕ್ಕಿರುವುದು ಬೇರೆ ಪಕ್ಷದಿಂದ, ಬೇರೆ ಬೆಂಬಲದಿಂದ ಗೆದ್ದ ಶಾಸಕ. ಆ ಬದಲಾವಣೆಯನ್ನು ಒಪ್ಪಬೇಕೋ ಬಿಡಬೇಕೋ ಎಂದು ಹೇಳುವ ಹಕ್ಕು ಮತದಾರರದ್ದು ಮಾತ್ರ. ಸಂಡೂರಿನಲ್ಲಿ ತುಕಾರಾಂ ಅವರ ಪತ್ನಿ ಇ. ಅನ್ನಪೂರ್ಣ 9,649 ಮತಗಳಿಂದ ಗೆದ್ದು ಕಾಂಗ್ರೆಸ್ಸಿಗೇ ಸ್ಥಾನ ಉಳಿಸಿಕೊಟ್ಟರು. ಅಲ್ಲಿ ಎರಡನೆಯವರನ್ನು ಕೂರಿಸಿದ್ದರೆ ಜನರ ತೀರ್ಪೇ ತಲೆಕೆಳಗಾಗುತ್ತಿತ್ತು.

ಪ್ರಶ್ನೆ: ಸ್ಥಾನ ಎಷ್ಟು ದಿನ ಖಾಲಿ ಇರಬಹುದು?

ಉತ್ತರ: ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಮಿನಂತೆ, ತೆರವಾದ ದಿನದಿಂದ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. ಗಡುವು ಪಾಲನೆಯಾಯಿತು ಎಂದಾಕ್ಷಣ ನಷ್ಟವೇ ಆಗಲಿಲ್ಲ ಎನ್ನಲಾಗದು: 2024ರ ಜುಲೈನ ಮುಂಗಾರು ಅಧಿವೇಶನ ನಡೆದಾಗ ಈ ಮೂರೂ ಕ್ಷೇತ್ರಗಳ ಆಸನಗಳು ಖಾಲಿ ಇದ್ದವು. ನಿಮ್ಮ ತಾಲ್ಲೂಕಿನ ಕೆರೆಯ ಬಗ್ಗೆಯೋ ರಸ್ತೆಯ ಬಗ್ಗೆಯೋ ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ) ಕೇಳಲು ನಿಮ್ಮವರೆಂದು ಸದನದಲ್ಲಿ ಒಬ್ಬರೂ ಇರಲಿಲ್ಲ.

ಇದಕ್ಕಿಂತ ದೀರ್ಘವಾದ ಉದಾಹರಣೆ ರಾಯಚೂರು ಜಿಲ್ಲೆಯ ಮಸ್ಕಿ. 2019ರ ಜುಲೈನಲ್ಲಿ ಪ್ರತಾಪಗೌಡ ಪಾಟೀಲರು ರಾಜೀನಾಮೆ ಕೊಟ್ಟು, ಬಳಿಕ ಅನರ್ಹರಾದರು. ಅದೇ ಸಮಯದಲ್ಲಿ ಅನರ್ಹರಾದ ಇತರರ 15 ಕ್ಷೇತ್ರಗಳಲ್ಲಿ ಡಿಸೆಂಬರ್ 5ರಂದು ಮತದಾನ ನಡೆಯಿತು. ಆದರೆ 2018ರ ಫಲಿತಾಂಶದ ಕುರಿತ ಚುನಾವಣಾ ತಕರಾರು ಅರ್ಜಿ ಹೈಕೋರ್ಟಿನಲ್ಲಿ ಬಾಕಿ ಇದ್ದುದರಿಂದ ಮಸ್ಕಿಯನ್ನು ಕೈಬಿಡಲಾಯಿತು. ಅಲ್ಲಿ ಮತದಾನವಾದದ್ದು 2021ರ ಏಪ್ರಿಲ್ 17ರಂದು. ಇಪ್ಪತ್ತು ತಿಂಗಳಿಗೂ ಹೆಚ್ಚು ಕಾಲ ಆ ಜನ ಶಾಸಕರಿಲ್ಲದೆ ಇದ್ದರು. ಚುನಾವಣಾ ಅರ್ಜಿಗಳನ್ನು ಬೇಗ ಇತ್ಯರ್ಥಪಡಿಸದೆ ಇದಕ್ಕೆ ಪರಿಹಾರ ಕಾಣುವುದಿಲ್ಲ.

ಪ್ರಶ್ನೆ: ಗೆದ್ದವರಿಗೆ ಪೂರ್ತಿ ಐದು ವರ್ಷ ಸಿಗುತ್ತದೆಯೇ?

ಉತ್ತರ: ಇಲ್ಲ. ಉಳಿದ ಅವಧಿ ಮಾತ್ರ. ಈಗಿನ ವಿಧಾನಸಭೆಗೆ ಅದು 2028ರ ಮೇ ತಿಂಗಳವರೆಗೆ. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದಾಗ ಸ್ಥಾನ ತೆರವಾದರೆ ಆರು ತಿಂಗಳ ಗಡುವು ಅನ್ವಯಿಸುವುದಿಲ್ಲ. ಆಗ ಆ ಕ್ಷೇತ್ರ ಸಾರ್ವತ್ರಿಕ ಚುನಾವಣೆಯವರೆಗೂ ಶಾಸಕರಿಲ್ಲದೆ ಉಳಿಯಬಹುದು.